ಬಿಸಿಯೂಟದ ಅಡುಗೆಯಮ್ಮ ಕಂಡದ್ದು

ಇವತ್ತು ಬೆಳಿಗ್ಗೆ ಅನ್ನ ಸೀದುಹೋಯಿತು. ಮಗಳು ಒಂದು ಕಾಲಿಗೆ ಸಾಕ್ಸ್ ಹಾಕಿ, ಇನ್ನೊಂದನ್ನು ಮರೆತು, ಬಾಗಿಲಲ್ಲಿ ಇರುವೆಸಾಲು ನೋಡುತ್ತಾ ನಿಂತಿದ್ದಳು. ಅವಳನ್ನು ಹೊರಡಿಸುವಷ್ಟರಲ್ಲಿ ತಳ ಹಿಡಿದಿತ್ತು. ಆ ವಾಸನೆಗೆ ಕೌದಳ್ಳಿಯ ಶಾಲೆಯಲ್ಲಿ ಬಿಸಿಯೂಟ ಮಾಡುತ್ತಿದ್ದ ಅಡುಗೆಯಮ್ಮ ನೆನಪಾದರು.

ಆಗ ಮಗಳು ಎರಡನೇ ಕ್ಲಾಸು. ಕೂತಲ್ಲಿ ಕೂರುತ್ತಿರಲಿಲ್ಲ, ಎರಡು ಸಾಲು ಬರೆಯುವುದರಲ್ಲಿ ಎದ್ದುಬಿಡುತ್ತಿದ್ದಳು. ದಿನಾ ದೂರು. ನಾನೂ ಹೊಡೆಯುತ್ತಿದ್ದೆ… ಎಷ್ಟು ಸಲ ಎಂದು ನೆನೆಯಲು ಈಗ ಮನಸ್ಸಿಲ್ಲ. ಕಾದ ಕಬ್ಬಿಣದಿಂದ ಬರೆ ಹಾಕಿಸಿದರೆ ಸರಿಹೋಗುತ್ತಾಳೆ ಎಂದು ಅತ್ತೆಯ ಹಟ. ಸೋತು ನಾನೂ ಹೂಂ ಎಂದಿದ್ದೆ.

ಒಂದು ಮಧ್ಯಾಹ್ನ ಮಗಳು ಶಾಲೆಯ ಗೇಟು ದಾಟಿ ರಸ್ತೆಗೆ ಓಡಿದಳು. ಬಸ್ಸು ಬರುತ್ತಿತ್ತು. ಒಲೆ ಬಿಟ್ಟು ಓಡಿ ಅವಳನ್ನು ಎಳೆದುಕೊಂಡವರು ಅಡುಗೆಯಮ್ಮ. ಅಷ್ಟರಲ್ಲಿ ಮಕ್ಕಳ ಅನ್ನವೆಲ್ಲ ಸೀದು, ಹೆಡ್‌ಮಾಸ್ಟರು ಎಲ್ಲರೆದುರು ಅವರಿಗೆ ಬೈದರಂತೆ. ಸುದ್ದಿ ತಿಳಿದು ಓಡಿಹೋದ ನಾನು ಮೊದಲು ಮಾಡಿದ್ದು ಮಗಳ ಮೇಲೆ ಕೈ ಎತ್ತಿದ್ದು. ಅಡುಗೆಯಮ್ಮ ಆ ಕೈ ಹಿಡಿದುಕೊಂಡರು.

“ಒಡೀಬ್ಯಾಡ ಕಣವ್ವ. ಅದು ಬೇಕೂಂತ ಮಾಡ್ತಿಲ್ಲ.”

ಬರೆಯ ವಿಷಯ ಹೇಳಿದೆ. ಅವರು ನನ್ನನ್ನು ಜಗಲಿಯ ಮೇಲೆ ಕೂರಿಸಿಕೊಂಡರು.

“ನನ್ ತಮ್ಮನೂ ಇಂಗೇ ಇದ್ದ. ನಮ್ಮವ್ವ ಬರೆ ಆಕುಸ್ಬುಟ್ಲು. ಸುಮ್ನಾದ… ಆಮೇಲೆ ನಗೋದೂ ಬುಟ್ಬುಟ್ಟ. ಮೊದ್ಲು ಡಾಕ್ಟ್ರಿಗೆ ತೋರ್ಸವ್ವ. ನಾನೂ ಬತ್ತೀನಿ.”

ರಜೆ ಹಾಕಿ ನಮ್ಮ ಜೊತೆ ಕೊಳ್ಳೇಗಾಲದ ಆಸ್ಪತ್ರೆಗೆ ಬಂದರು. ಡಾಕ್ಟರು ಒಂದೊಂದಾಗಿ ಕೇಳಿದರು: ಊಟ ಮುಗಿಯುವವರೆಗೆ ಕೂರುತ್ತಾಳಾ? ಹೇಳಿದ್ದನ್ನು ಮರೆಯುತ್ತಾಳಾ? ಮನೆ, ಶಾಲೆ ಎರಡೂ ಕಡೆ ಹೀಗೆಯೇ? ನನಗೆ ಗೊತ್ತಿದ್ದುದು ದೂರುಗಳಷ್ಟೇ. ಉತ್ತರ ಕೊಟ್ಟವರು ಅಡುಗೆಯಮ್ಮ.

“ಕೂಗುದ್ರೆ ಕೇಳ್ಸಲ್ಲ ಸಾ. ಭುಜ ಮುಟ್ಟಿ ಒಂದೇ ಮಾತ್ ಏಳುದ್ರೆ ಮಾಡ್ತದೆ. ಎರಡ್ ಏಳುದ್ರೆ ಎರಡೂ ಮರ್ತೋಯ್ತದೆ.”

ಡಾಕ್ಟರು ಬರೆಯುವುದನ್ನು ನಿಲ್ಲಿಸಿ, “ನೀವು ಅಜ್ಜಿನಾ?” ಎಂದರು.

“ಊಂ ಸಾ,” ಎಂದುಬಿಟ್ಟರು.

ಅಲ್ಲಿಂದ ಮೈಸೂರಿಗೆ ಕಳಿಸಿದರು. ಹಲವು ಸಲ ಓಡಾಡಿದ ಮೇಲೆ, ಗಮನ ಒಂದೆಡೆ ನಿಲ್ಲದ ಅವಳ ತೊಂದರೆಗೆ ಎಡಿಎಚ್‌ಡಿ ಎಂಬ ಹೆಸರು ಸಿಕ್ಕಿತು. ಇದು ಕೊಬ್ಬಲ್ಲ, ನೀವು ಸಾಕಿದ್ದರ ತಪ್ಪೂ ಅಲ್ಲ ಎಂದರು ಅಲ್ಲಿನ ಡಾಕ್ಟರು. ಅವಳ ಜೊತೆ ಹೇಗಿರಬೇಕೆಂದು ನನಗೂ ಹೇಳಿಕೊಟ್ಟರು. ಆಮೇಲೆ ಮಾತ್ರೆ ಶುರುವಾಯಿತು. ಬರೆ ಹಾಕಿಸಲಿಲ್ಲವೆಂದು ಅತ್ತೆ ತಿಂಗಳುಗಟ್ಟಲೆ ಮಾತು ಬಿಟ್ಟರು. ಶಾಲೆಯಲ್ಲಿ ಮುಂದಿನ ಬೆಂಚು ಕೊಟ್ಟರು. ಅಡುಗೆಯಮ್ಮ ಅವಳಿಗೆ ತಟ್ಟೆ ಜೋಡಿಸುವ ಕೆಲಸ ಕೊಟ್ಟು, ಮುಗಿಸಿದಾಗಲೆಲ್ಲ ಕೆನ್ನೆ ಸವರುತ್ತಿದ್ದರಂತೆ. ಅವಳು ಶಾಲೆಗೆ ಹೋಗುತ್ತಿದ್ದುದೇ ಅವರಿಗಾಗಿ… ನಾನೂ ಅವರಿದ್ದಾರೆಂದೇ ಕಳಿಸುತ್ತಿದ್ದೆನೇನೋ.

ಅವರು ಎದೆನೋವಿನಿಂದ ತೀರಿಕೊಂಡ ದಿನ ನಾವಿಬ್ಬರೂ ಮೈಸೂರಿನ ಆಸ್ಪತ್ರೆಯಲ್ಲಿ ಸರದಿಗೆ ಕಾದು ಕೂತಿದ್ದೆವು. ಊರು ತಲುಪುವಷ್ಟರಲ್ಲಿ ಮಣ್ಣು ಮಾಡಿ ಎಲ್ಲರೂ ಮನೆಗೆ ಹೋಗಿದ್ದರು.

ಮಗಳೀಗ ಕೊಳ್ಳೇಗಾಲದಲ್ಲಿ ಒಂಬತ್ತನೇ ಕ್ಲಾಸು; ಇಲ್ಲಿ ಮನೆಯಲ್ಲಿ ನಾವಿಬ್ಬರೇ. ಒಂದು ದಿನ ಎಲ್ಲ ಸರಿ, ಮೂರು ದಿನ ಇಲ್ಲ. ಹೇಳಿದ್ದನ್ನೇ ಹೇಳಿ ನನಗೂ ಸಾಕಾಗಿದೆ. ಹೋದ ವಾರ ಹೊಸದಾಗಿ ಬಂದ ಡಾಕ್ಟರು ಫಾರಂ ತುಂಬುತ್ತಾ, “ಮಗೂನ ನೋಡ್ಕೊಳ್ಳೋಕೆ ನಿಮ್ ಜೊತೆ ಇನ್ಯಾರಾದ್ರೂ ಇದಾರಾ?” ಎಂದು ಕೇಳಿದರು.

“ಒಬ್ರು ಇದ್ರು ಸಾ,” ಎಂದೆ.

ಡಾಕ್ಟರು ಫಾರಂನಲ್ಲಿ ‘ಯಾರೂ ಇಲ್ಲ’ ಎಂದು ಬರೆದುಕೊಂಡರು.