ಬಿಳಿ ಕಾರಿಗೆ ನೀಲಿ ಅಂಗಿ

ನಮ್ಮ ವಂಶದಲ್ಲಿ ಮೊದಲು ಡಿಗ್ರಿ ಮುಗಿಸಿದವನು ನಾನು. ಕೇಳದವರಿಗೂ ಇದನ್ನು ಹೇಳುವ ಚಾಳಿ ನನಗುಂಟು, ನೀವೂ ಕೇಳಿಸಿಕೊಂಡಿರಿ. ಚನ್ನರಾಯಪಟ್ಟಣದಲ್ಲಿ ವಿಜ್ಞಾನದ ಮೇಷ್ಟ್ರಾಗಿ ಸುಮಾರು ಸೀಮೆಸುಣ್ಣ ಸವೆಸಿದ ಮೇಲೆ, ಎರಡು ಸಾವಿರದ ದಶಕದ ಕೊನೆಗೆ, ಒಂದು ಹಳೇ ಪುಟ್ಟ ಕಾರು ಕೊಂಡೆ. ಬಿಳಿ ಬಣ್ಣ. ತೊಂದರೆ ಶುರುವಾದದ್ದೇ ಅಲ್ಲಿ.

ನಮ್ಮ ಕಡೆ ಬಿಳಿ ಕಾರೆಂದರೆ ಬಾಡಿಗೆ ಕಾರು. ನಂಬರ್ ಪ್ಲೇಟಿನ ಬಣ್ಣ ನೋಡುವ ವ್ಯವಧಾನ ಯಾರಿಗಿದೆ? ಹಳ್ಳಿಮೈಸೂರಿನ ಹತ್ತಿರದ ನಮ್ಮೂರಿಗೆ ಹೊರಟವನು ಹೊಳೆನರಸೀಪುರದ ಬಸ್ ಸ್ಟ್ಯಾಂಡಿನ ಬಳಿ ಟೀ ಕುಡಿದು ಬರುವಷ್ಟರಲ್ಲಿ, ಹಿಂದಿನ ಸೀಟಿನಲ್ಲಿ ಹುರುಳಿ ಮೂಟೆ ಸಮೇತ ಯಜಮಾನರೊಬ್ಬರು ಕೂತಿದ್ದರು.

"ಒರಡ್ಸು ಅರಕಲಗೂಡಿಗೆ. ಎಷ್ಟೊತ್ಲಾ ಟೀ ಕುಡಿಯಾದು?"

"ಇದು ಸ್ವಂತ ಕಾರು. ನಾನು ಮೇಷ್ಟ್ರು."

ಅವರು ನನ್ನ ಮುಖವನ್ನೊಮ್ಮೆ, ಕಾರನ್ನೊಮ್ಮೆ ನೋಡಿದರು. "ಓಗ್ಲಿ ಬುಡು. ರಜಾದಲ್ಲಿ ಓಡಿಸ್ತೀಯೇನೋ" ಎಂದು ಮೂಟೆ ಇಳಿಸಿಕೊಂಡರು.

ಆ ವಾರವೇ ಹಾಸನದ ಸ್ಟಿಕರ್ ಅಂಗಡಿಗೆ ಹೋದೆ. ಪೇಂಟ್ ಬೇಡ ಸಾ, ಮೈತುಂಬ ಬಣ್ಣದ ಪ್ಲಾಸ್ಟಿಕ್ ಹಾಳೆ ಅಂಟಿಸೋಣ, ಒಳಗಿನ ಪೇಂಟಿಗೂ ಗೀರು ಬೀಳಲ್ಲ ಎಂದರು ಅಂಗಡಿಯವರು. ಡಾಕ್ಟರ ಕಾರಿನಂತೆ ಕಾಣಲಿ ಅಂತ ಕಡುನೀಲಿ ಆರಿಸಿದೆ. ಬಿಸಿಗಾಳಿ ಊದಿ ಊದಿ ಹಾಳೆಯನ್ನು ಮೂಲೆಗಳಿಗೆ ಎಳೆದು ಕೂರಿಸುತ್ತಿದ್ದವರ ಪಕ್ಕದಲ್ಲೇ ನಿಂತು, "ಶಾಖಕ್ಕೆ ಪ್ಲಾಸ್ಟಿಕ್ ಮೆದುವಾಗುತ್ತೆ, ಜಾಸ್ತಿಯಾದ್ರೆ ಮುದುಡುತ್ತೆ" ಎಂದು ಪಾಠ ಬೇರೆ ಮಾಡಿದೆ.

ಊರಲ್ಲಿ ಅವ್ವ ಕಾರಿನ ಸುತ್ತ ಒಂದು ಸುತ್ತು ಬಂದಳು. ಅವಳನ್ನು ಅರಕಲಗೂಡಿನ ಅಕ್ಕನ ಮನೆಗೆ ಕರೆದೊಯ್ಯಬೇಕಿತ್ತು.

"ಬಣ್ಣ ಬದಲಾದ್ಮೇಲೆ ಒಸಾ ಗಾಡಿನೇ ಕಣಪ್ಪ. ಪೂಜೆ ಆಗ್ದೆ ನಾ ಕೂರಾಕಿಲ್ಲ."

ಚಕ್ರಕ್ಕೆ ನಿಂಬೆಹಣ್ಣು ಬಂತು, ಅರಿಶಿನ ಕುಂಕುಮ ಬಂತು, ಬೀದಿಯೇ ಬಂತು. ನಾನು ಫೋಟೋಗೆ ನಿಂತವನಂತೆ ಕೈಕಟ್ಟಿ ನಿಂತೆ. ಅವ್ವ ಬಾನೆಟ್ಟಿನ ಮೇಲೆ ವೀಳ್ಯದೆಲೆ ಇಟ್ಟು ಅದರ ಮೇಲೆ ಕರ್ಪೂರ ಹಚ್ಚಿದಳು. ಹಾಸನದಲ್ಲಿ ಪಾಠ ಮಾಡಿದ ಬಾಯಿ ತೆರೆಯಲೇ ಇಲ್ಲ. ಎದೆ ಅಷ್ಟು ಉಬ್ಬಿತ್ತು. ಎಲೆ ಸುರುಟಿತು, ಅದರಡಿಯ ನೀಲಿಯೂ ಸುರುಟಿತು. ಮಂಗಳಾರತಿ ಮುಗಿಯುವ ಹೊತ್ತಿಗೆ ಅಂಗೈಯಗಲ ಬಿಳಿ ಹೊರಗೆ ಇಣುಕುತ್ತಿತ್ತು.

"ಏನ್ಲಾ, ಒಳಗಿರಾದು ಅದೇ ಕಾರು!" ಎಂದರು ಪಕ್ಕದ ಮನೆ ದೊಡ್ಡಮ್ಮ. ಬೀದಿ ನಕ್ಕಿತು.

ಹಣೆಗೆ ಬಿಳಿ ಬೊಟ್ಟಿಟ್ಟ ಕಾರಲ್ಲೇ ಹೊರಟೆವು. ಅವ್ವ ಎಂದಿನಂತೆ ಹಿಂದೆ ಕೂತಳು. ಮುಂದಿನದು ಗಂಡಸರ ಜಾಗ ಅನ್ನುವುದು ಅವಳ ಕಾನೂನು. ದಾರಿಯಲ್ಲಿ ಅಜ್ಜಿಯೊಬ್ಬರು ಕೈ ಅಡ್ಡ ಹಿಡಿದರು. ನಿಲ್ಲಿಸಿದೆ.

"ಅರಕಲಗೂಡಿಗೆ ಏನ್ ತಗತೀಯಪ್ಪ?"

ಆಗ ಹೊಳೆಯಿತು. ನೀಲಿಯಾದರೇನು, ಬಿಳಿಯಾದರೇನು, ಹೆಂಗಸರನ್ನು ಹಿಂದೆ ಕೂರಿಸಿಕೊಂಡು ಮುಂದೆ ಒಬ್ಬನೇ ಕೂತವನು ಡ್ರೈವರೇ.

ಅವ್ವ ಬಾಗಿಲು ತೆರೆದಳು. "ಏನೂ ಬ್ಯಾಡ, ಬಾರವ್ವ. ಇವ್ನು ಬಾಡಿಗೆಯವ್ನಲ್ಲ, ನನ್ ಮಗ. ಡಿಗ್ರಿ ಮಾಡವ್ನೆ!"

ನಾನು ಹೇಳಿದ್ದಕ್ಕಿಂತ ನೂರು ಪಾಲು ಚೆನ್ನಾಗಿ ಹೇಳಿದಳು. ಬೆನ್ನು ನೆಟ್ಟಗಾಯಿತು. ಅವ್ವನ ಪಕ್ಕ ಹತ್ತಿ ಕೂತ ಅಜ್ಜಿ ಮುಂದೆ ಬಾಗಿ ನನ್ನ ಭುಜ ಸವರಿದರು.

"ಅಯ್ಯೋ ಕಂದ! ಅಷ್ಟೊಂದು ಓದಿನೂ ಕೊನೀಗೆ ಕಾರೇ ಓಡಿಸಂಗಾಯ್ತಾ?"

ಅರಕಲಗೂಡು ಬರುವವರೆಗೂ ಅವ್ವ ಸೆರಗು ಬಾಯಿಗಿಟ್ಟುಕೊಂಡು ನಗುತ್ತಲೇ ಇದ್ದಳು.