ಮಾತಿಲ್ಲದ ಸಂದೇಶ

ಬೆಳಗಾವಿಯ ಖಡೇಬಜಾರಿನ ಸಂದಿಯೊಂದರಲ್ಲಿ ಹೊಲಿಗೆ ಮಷಿನ್ ರಿಪೇರಿ ಮಾಡುವ ಮಮ್ತಾಜಳ ಹತ್ತಿರ ಮೂರು ಫೋನುಗಳಿದ್ದವು. ಅಂಗಡಿಯ ಬೋರ್ಡಿನ ಮೇಲೊಂದು ನಂಬರು, ಖಾನಾಪುರದ ಗಿರಾಕಿಗಳಿಗೆ ಕೊಟ್ಟದ್ದು ಇನ್ನೊಂದು, ಮನೆಯದು ಮತ್ತೊಂದು. ಕೈಗೆ ಎಣ್ಣೆ ಮೆತ್ತಿಕೊಂಡ ಹೊತ್ತಿಗೇ ಅವು ಕೂಗುತ್ತಿದ್ದವು. ಕಡೆಗೆ ಮಗಳು ತರನ್ನುಮ ಒಂದೇ ಹೊಸ ನಂಬರು ಮಾಡಿಸಿ, ಹಳೆಯ ನಂಬರುಗಳಿಗೆ ಫೋನ್ ಹಚ್ಚಿದವರಿಗೆಲ್ಲ ಕಳಿಸಿದಳು. ಅದಕ್ಕೆ ಯಾರು ಹಚ್ಚಿದರೂ ಮೂರೂ ಫೋನು ಒಟ್ಟಿಗೆ ರಿಂಗಾಗುತ್ತವೆ. ಯಾವುದನ್ನೂ ಎತ್ತದಿದ್ದರೆ ಮಮ್ತಾಜಳದೇ ದನಿ ಕೇಳಿಸುತ್ತದೆ: “ಕೆಲಸದಾಗ ಅದೀನ್ರಿ. ನಿಮ್ಮ ಮಷಿನ್‌ಗೆ ಏನಾಗೇತಿ ಹೇಳಿ ಇಡ್ರಿ.” ಹೇಳಿದ್ದು ರೆಕಾರ್ಡಾಗಿ ಉಳಿಯುತ್ತದೆ.

ಸಂಜೆ ಚಹಾ ಕುಡಿಯುತ್ತ ಅವನ್ನೆಲ್ಲ ಕೇಳುವುದು ಅವಳಿಗೆ ರೂಢಿಯಾಯಿತು. ಎರಡನೆಯ ವಾರ ಒಂದು ಸಂದೇಶ ಬಂತು. ಅದರಲ್ಲಿ ಮಾತೇ ಇಲ್ಲ. ಹೊಲಿಗೆ ಮಷಿನ್ ಓಡುವ ಸಪ್ಪಳವಷ್ಟೇ. ಕೈತಪ್ಪಿ ಹಚ್ಚಿರಬೇಕೆಂದು ಬಿಟ್ಟಳು. ಮರುದಿನವೂ ಅದೇ ನಂಬರು, ಅದೇ ಸಪ್ಪಳ. ಮೂರನೆಯ ದಿನವೂ ಬಂದಾಗ ಚಹಾ ಬದಿಗಿಟ್ಟು ಫೋನನ್ನು ಕಿವಿಗೊತ್ತಿ ಹಿಡಿದಳು. ಇದೇ ರಿಪೇರಿ ಮಾಡುತ್ತಿದ್ದ ಅಪ್ಪನ ಪಕ್ಕ ಕೂತು ಪಳಗಿದ ಕಿವಿ ಅದು. ಓಟದ ನಡುವೆ ಕಬ್ಬಿಣಕ್ಕೆ ಕಬ್ಬಿಣ ತಾಗಿದ ಸಣ್ಣ ಸದ್ದು ಸಿಕ್ಕಿತು.

“ಸೂಜಿ ಭಾಳ ಕೆಳಗಿಳದು ಕೆಳದಾರದ ಶಟಲ್‌ಗೆ ಬಡಿಯಾಕತ್ತೈತಿ,” ಎಂದು ಬಾಜು ಗುಂಡಿ-ದಾರದ ಅಂಗಡಿಯ ಕಾಂತಾಳಿಗೆ ಹೇಳಿದಳು. “ಇದು ತಪ್ಪಿ ಬಂದ ಫೋನಲ್ಲ. ಯಾರೋ ಬೇಕಂತನ ಕೇಳಸಾಕತ್ತಾರ.”

“ಬಾಯಿಲೆ ಹೇಳಾಕ ಏನ್ ಧಾಡಿ ಅವರಿಗೆ?” ಎಂದಳು ಕಾಂತಾ.

ಮಮ್ತಾಜಳಿಗೂ ಅದೇ ತಿಳಿಯಬೇಕಾಗಿತ್ತು. ಆ ನಂಬರಿಗೆ ಹಚ್ಚಿದಳು. ಯಾರೋ ಎತ್ತಿದರು. ಉಸಿರು ಕೇಳಿಸಿತು, ಮಾತಿಲ್ಲ.

“ಮಾತಾಡಾಕ ಬರಂಗಿಲ್ಲೇನ್ರಿ?”

ಮಷಿನ್ ಒಮ್ಮೆ ಓಡಿ ನಿಂತಿತು. ಮಮ್ತಾಜ ಸ್ಟೂಲನ್ನು ಮುಂದಕ್ಕೆಳೆದುಕೊಂಡಳು.

“ಹೌದಂದ್ರ ಒಮ್ಮೆ, ಅಲ್ಲಂದ್ರ ಎರಡು ಸಲ ಓಡಸ್ರಿ. ಬೆಳಗಾವ್ಯಾಗ ಅದೀರೇನ್ರಿ?”

ಎರಡು ಸಲ.

“ಖಾನಾಪುರ?”

ಒಮ್ಮೆ.

ಹೀಗೆ ಒಂದೊಂದೇ ಜಾಗ ಕೇಳುತ್ತ, ಸ್ಟೇಶನ್ ಬಿಟ್ಟು, ಬಸ್‌ಸ್ಟ್ಯಾಂಡ್ ಬಿಟ್ಟು, ಮಲಪ್ರಭೆಯ ಕಡೆ ಹೋಗುವ ರಸ್ತೆಯ ಹಿಟ್ಟಿನ ಗಿರಣಿಯ ಎದುರಿಗೆ ಬಂದು ಪ್ರಶ್ನೆ ನಿಂತಿತು.

ರವಿವಾರ ಮಮ್ತಾಜ ಅಲ್ಲಿಗೆ ಹೋದಳು. ಬಾಗಿಲು ತೆರೆದವಳು ದಾನೇಶ್ವರಿ, ನಲವತ್ತರ ಆಸುಪಾಸಿನ ಹೆಂಗಸು. ಎರಡು ವರ್ಷದ ಹಿಂದೆ ಗಂಟಲಿನ ಆಪರೇಶನ್ ಆಗಿ ದನಿ ಹೋಗಿತ್ತು. ಸೀರೆಗೆ ಹಾಕುವ ಜಂಪರ್ ಹೊಲಿದು ಬದುಕುತ್ತಿದ್ದಳು. ಕಪ್ಪು ಬಟ್ಟೆಯ ತುಂಡೊಂದನ್ನು ಹರವಿ, ಟೇಲರ್ ಸೀಮೆಸುಣ್ಣದಿಂದ ಬರೆದಳು: ‘ಹಳೇ ನಂಬರಿಗೆ ಭಾಳ ಸಲ ಹಚ್ಚಿದ್ದೆ. ಫೋನಿನಾಗ ಬರಿಯಾಕ ನನಗ ಬರಂಗಿಲ್ಲ.’

ಮಮ್ತಾಜಳಿಗೆ ನೆನಪಾಯಿತು. ಮಾತಾಡದ ಫೋನಿಗೆ ಬೈದು ಇಟ್ಟದ್ದುಂಟು. “ನಾನ ಬೈದಿದ್ದೆ, ತಪ್ಪಾತ್ರಿ ಅಕ್ಕಾರ,” ಎಂದಳು. “ಸಪ್ಪಳ ಕೇಳಿ ನನಗ ತಿಳೀತೈತಿ ಅಂತ ಹೆಂಗ ಗೊತ್ತಾತು?”

ದಾನೇಶ್ವರಿ ಬರೆದಳು: ‘ಗೊತ್ತಿರಲಿಲ್ಲ. ಏನಾಗೇತಿ ಹೇಳ್ರಿ ಅಂದ್ರಿ. ಹೇಳಿದೆ.’

ಸೂಜಿಯ ದಂಡವನ್ನು ಎತ್ತಿ ಬಿಗಿ ಮಾಡಲು ಅರ್ಧ ತಾಸು ಸಾಕಾಯಿತು. ಮಷಿನ್ ಹಗುರಾಗಿ ಓಡಿತು. ಆದರೂ ಮಮ್ತಾಜ ಏಳಲಿಲ್ಲ. ಗಿರಾಕಿಗಳ ಜೊತೆ ಚೌಕಾಸಿ ಹೇಗೆ ಮಾಡುತ್ತೀರಿ, ಸಿಟ್ಟು ಬಂದಾಗ ಏನು ಮಾಡುತ್ತೀರಿ ಎಂದು ಕೇಳುತ್ತ ಹೋದಳು. ದಾನೇಶ್ವರಿ ಬರೆದಳು, ಅಂಗೈಯಿಂದ ಒರೆಸಿದಳು, ನಗುತ್ತ ಮತ್ತೆ ಬರೆದಳು. ಬೆಳಗಾವಿಗೆ ಮರಳುವ ನಾಲ್ಕೂವರೆಯ ಬಸ್ಸು ಹೋದದ್ದು ಇಬ್ಬರಿಗೂ ತಿಳಿಯಲಿಲ್ಲ.