ಇರುವೆಗಳು ಕುಡಿದ ಔಷಧಿ

ಸುಜಾತಾ, ಆರು ವರ್ಷದ ಹಿಂದೆ ಬೀದರಿನ ಡಾಕ್ಟರು ನಿನ್ನ ಮಗಳಿಗೆ ಬರೆದುಕೊಟ್ಟ ಔಷಧಿಯನ್ನು ನಾನು ಕೊಡಲಿಲ್ಲ. ಕೊಟ್ಟೆನೆಂದು, ದಿನವೂ ಗುರುತು ಮಾಡಲು ಅವರು ಕೊಟ್ಟಿದ್ದ ಹಾಳೆಯ ಮೇಲೆ ಗುರುತು ಹಾಕಿದೆ. ನಿನಗೂ ಹಾಗೆಯೇ ಹೇಳಿದೆ. ದಿನವೂ ಮುಚ್ಚಳದಲ್ಲಿ ಅಳತೆಗೆ ತುಂಬಿ ಬಚ್ಚಲಿಗೆ ಸುರಿದೆ. ಬಾಟಲಿ ಸರಿಯಾದ ದಿನಕ್ಕೇ ಖಾಲಿಯಾಗಬೇಕಿತ್ತಲ್ಲ — ಅದರಲ್ಲೂ ನಾನು ಶಿಸ್ತು ತಪ್ಪಲಿಲ್ಲ.

ಪ್ರಜ್ಞಾಳಿಗೆ ಆಗ ಐದು. ನಿನ್ನ ಗಂಡ ತೀರಿಕೊಂಡ ಮರುವರ್ಷ ನಿನಗೆ ಔರಾದಿನಲ್ಲಿ ಶಾಲೆಯ ಕೆಲಸ ಸಿಕ್ಕಿತ್ತು. ಮಗುವನ್ನು ಭಾಲ್ಕಿಯ ತವರಿನಲ್ಲಿ, ಅಜ್ಜಿಯಾದ ನನ್ನ ಹತ್ತಿರ ಬಿಟ್ಟು ಹೋಗಿ, ಶನಿವಾರ ಸಂಜೆಯ ಬಸ್ಸಿಗೆ ಬರುತ್ತಿದ್ದೆ. ಅವಳಿಗೆ ಐದಾರು ದಿನವಾದರೂ ಹೊಟ್ಟೆ ಸಾಫಾಗುತ್ತಿರಲಿಲ್ಲ. ಚಡ್ಡಿಯಲ್ಲಿ ಮಾತ್ರ ದಿನವೂ ಸೋರುತ್ತಿತ್ತು. ಡಾಕ್ಟರು ನಮ್ಮಿಬ್ಬರನ್ನೂ ಕೂರಿಸಿಕೊಂಡು ತಿಳಿಸಿ ಹೇಳಿದ್ದರು. ಗಟ್ಟಿಯಾದದ್ದು ಒಳಗೇ ಕೂತು ಕರುಳು ಹಿಗ್ಗಿದೆ, ಅದರ ಪಕ್ಕದಿಂದ ತೆಳ್ಳಗಿನದು ಇಳಿಯುತ್ತದೆ, ಇಳಿಯುವುದು ಮಗುವಿಗೆ ತಿಳಿಯುವುದೇ ಇಲ್ಲ. ಔಷಧಿ ತಿಂಗಳುಗಟ್ಟಲೆ ಬೇಕು, ನಡುವೆ ನಿಲ್ಲಿಸಬಾರದು. ಊಟವಾದ ಮೇಲೆ ಹತ್ತು ನಿಮಿಷ ಕೂರಿಸಿ. ಬೈಯಬೇಡಿ. ಇದೆಲ್ಲ ನನಗೆ ಅರ್ಥವಾಗಿತ್ತು. ಅರ್ಥವಾಗಲಿಲ್ಲ ಎಂದು ಹೇಳಿಕೊಳ್ಳುವ ದಾರಿಯೂ ನನಗಿಲ್ಲ.

ಇಪ್ಪತ್ತೆಂಟು ವರ್ಷ ಹುಡುಗಿಯರ ವಸತಿನಿಲಯ ನಡೆಸಿದವಳು ನಾನು. ಐದಕ್ಕೆ ಗಂಟೆ. ಆರರೊಳಗೆ ಅರವತ್ತು ಹುಡುಗಿಯರ ಶೌಚ, ಮುಖ, ತಲೆ ಎಲ್ಲ ಮುಗಿಯಬೇಕು. ಹೊಸಬರು ಅಳುತ್ತಿದ್ದರು, ತಿಂಗಳೊಳಗೆ ಅವರ ಹೊಟ್ಟೆಯೂ ಗಂಟೆಯ ಮಾತು ಕೇಳುತ್ತದೆ ಎಂದು ನಂಬಿದ್ದೆ. ಕೇಳದವರು ನನ್ನ ಮುಂದೆ ಬಾಯಿ ಬಿಟ್ಟಿರಲಿಕ್ಕಿಲ್ಲ — ಇದು ಈಗ ಹೊಳೆಯುತ್ತಿದೆ.

ಮೊದಲ ಎಂಟು ದಿನ ಮಾತ್ರ ಔಷಧಿ ಕೊಟ್ಟೆ. ಒಂಬತ್ತನೆಯ ದಿನ ಹಾಸಿಗೆಯಲ್ಲೇ ಆಯಿತು. ಆ ಕೌದಿ ಒಗೆಯುತ್ತ ತೀರ್ಮಾನಿಸಿದೆ: ಇವಳಿಗೆ ಬೇಕಾದದ್ದು ಔಷಧಿಯಲ್ಲ, ರೂಢಿ. ಮರುದಿನದಿಂದ ಬೆಳಿಗ್ಗೆ ಐದಕ್ಕೆ ಎಬ್ಬಿಸಿ ಕೂರಿಸುತ್ತಿದ್ದೆ, ಹೊರಗಿನಿಂದ ಚಿಲಕ ಹಾಕುತ್ತಿದ್ದೆ. ಮುಕ್ಕಾಲು ಗಂಟೆ, ಒಮ್ಮೊಮ್ಮೆ ಒಂದು ಗಂಟೆ.

“ಆಯಿ, ಆಗವಲ್ದು... ಬಾಗ್ಲಾ ತಗಿ ಆಯಿ, ಕಾಲು ಜೋಮು ಹಿಡದಾವ.”

“ಆದ ಮ್ಯಾಲ ಕರಿ.”

ನೋವಿಗೆ ಹೆದರಿ ಅವಳು ಇನ್ನಷ್ಟು ಬಿಗಿ ಹಿಡಿಯುತ್ತಿದ್ದಳು. ಸೋರಿದ ಚಡ್ಡಿಯನ್ನು ಅವಳ ಕೈಯಿಂದಲೇ ಒಗೆಸಿ, ಬೀದಿಗೆ ಕಾಣುವಂತೆ ಮುಂದಿನ ಹಗ್ಗಕ್ಕೆ ಹಾಕಿಸುತ್ತಿದ್ದೆ. ಎದುರು ಮನೆಯ ಶಾಂತಮ್ಮ ಒಮ್ಮೆ ಕೂಗಿ ಅಂದಳು, “ಏನ್ರಿ ವಾರ್ಡನ್ ಬಾಯಿ, ಇವತ್ತ ಮೂರು ಝಂಡಾ ಏರಿಸೀರಿ? ಪಂದ್ರಾ ಆಗಸ್ಟ್ ಇನ್ನಾ ದೂರ ಅದರಿ!” ನಾನೂ ನಕ್ಕೆ. ಮಗು ಬಾಗಿಲ ಹಿಂದೆ ನಿಂತಿತ್ತು. ನಿಂತಿದೆ ಎಂದು ಗೊತ್ತಿದ್ದೇ ನಕ್ಕೆ.

ಇನ್ನೊಂದಿದೆ, ಸುಜಾತಾ. ಆ ಔಷಧಿ ಪಾಕದಂತೆ ಸಿಹಿ. ಒಂದು ದಿನ ಬಚ್ಚಲ ಬಾಯಿಗೆ ಇರುವೆ ಸಾಲು ಹಿಡಿದಿದ್ದವು. ಪ್ರಜ್ಞಾ ಕುಕ್ಕರಗಾಲಲ್ಲಿ ಕೂತು ಅವನ್ನು ನೋಡಿದಳು, ನನ್ನ ಕೈಯ ಮುಚ್ಚಳ ನೋಡಿದಳು.

“ಆಯಿ, ನನ್ನ ಔಷಧ ಇರಿವಿ ಕುಡಿಲತ್ತಾವ.”

“ಮಮ್ಮಿಗ ಹೇಳಬ್ಯಾಡ,” ಎಂದೆ. “ಹೇಳ್ದಿ ಅಂದ್ರ ಮಮ್ಮಿ ಶನಿವಾರ ಬರಂಗಿಲ್ಲ, ನೋಡು.”

ಹೋದ ಅಪ್ಪ ತಿರುಗಿ ಬರಲಿಲ್ಲ ಎಂಬುದನ್ನು ಕಂಡಿದ್ದ ಮಗುವಿಗೆ ನಾನು ಈ ಮಾತು ಹೇಳಿದೆ.

ಶನಿವಾರ ನಿನ್ನ ಬಸ್ಸು ಬರುವ ಮೊದಲು ಇಡೀ ವಾರದ ಗುರುತುಗಳನ್ನು ಒಟ್ಟಿಗೆ ಹಾಕುತ್ತಿದ್ದೆ. ಹಾಜರಿಯನ್ನು ಹೀಗೇ ಒಟ್ಟಿಗೆ ತುಂಬಿದ ಅಡುಗೆಯವಳೊಬ್ಬಳನ್ನು ಕೆಲಸದಿಂದ ತೆಗೆಸಿದವಳೂ ನಾನೇ.

ಮೂರನೆಯ ತಿಂಗಳು ಅವಳ ಹೊಟ್ಟೆ ಕಲ್ಲಾಯಿತು, ಅನ್ನ ಬಿಟ್ಟಳು. ಬೀದರಿನಲ್ಲಿ ಡಾಕ್ಟರು ಆ ಹಾಳೆಗಳನ್ನು ತಿರುವಿ ತಿರುವಿ ನೋಡಿದರು.

“ಒಂದಿನಾನೂ ತಪ್ಪಿಲ್ಲೇನ್ರಿ?”

“ಒಂದಿನಾನೂ ತಪ್ಪಿಲ್ರಿ.”

ಆಗಲಾದರೂ... ಬಾಯಿ ತೆರೆದಿದ್ದರೆ ಔಷಧಿಯನ್ನು ಮೊದಲಿನಿಂದ ಶುರು ಮಾಡುತ್ತಿದ್ದರೋ ಏನೋ. ಇಷ್ಟು ಕೊಟ್ಟರೂ ಆಗಿಲ್ಲವೆಂದರೆ ಕರುಳಿನಲ್ಲೇ ದೋಷವಿರಬಹುದೆಂದು ಪರೀಕ್ಷೆಗಳಾದವು. ಮೂಗಿನಿಂದ ನಳಿಗೆ ಇಳಿಸಿ ಹೊಟ್ಟೆ ತೊಳೆಯಬೇಕೆಂದರು. ನೀನು ಅವಳ ಕೈ ಅಮುಕಿ ಹಿಡಿದಿದ್ದೆ, ನಾನು ಕಾಲು ಹಿಡಿದಿದ್ದೆ. “ಔಷಧ ಕುಡಿತೀನಿ ಮಮ್ಮಿ, ನಾ ಕುಡಿತೀನಿ!” ಎಂದು ಚೀರುತ್ತಿದ್ದಳು. ನೀನು ಅದನ್ನು ಹಠವೆಂದು ತಿಳಿದೆ. ಅವಳು ನನ್ನನ್ನೇ ನೋಡುತ್ತಿದ್ದಳು. ಆ ಸ್ಥಿತಿಯಲ್ಲೂ ಬಚ್ಚಲಿನ ಮಾತು ಆಡಲಿಲ್ಲ.

ದೋಷವೇನೂ ಸಿಗಲಿಲ್ಲ. ನೀನು ಕೆಲಸ ಬಿಟ್ಟು ಬಂದೆ, ನಿನ್ನ ಕೈಯಿಂದಲೇ ಔಷಧಿ ಕೊಟ್ಟೆ. ಒಂದು ವರ್ಷದಲ್ಲಿ ಮಗು ನೆಟ್ಟಗಾಯಿತು. ತಾಯಿ ಹತ್ತಿರವಿದ್ದದ್ದಕ್ಕೆ ವಾಸಿಯಾಯಿತು ಎಂದರು ಊರವರು. ನೀನೂ ಅದನ್ನೇ ನಂಬಿದೆ. ನೀನು ಬಿಟ್ಟುಹೋದದ್ದಕ್ಕೇ ರೋಗ ಬಲಿಯಿತೆಂದು. ನಂಬಲಿ ಎಂದು ನಾನು ಸುಮ್ಮನಿದ್ದೆ. ಆರು ವರ್ಷ.

ಹೋದ ವಾರ ಎಕಂಬಾದ ಶಾಲೆಯಿಂದ ನಿನಗೆ ಕೆಲಸಕ್ಕೆ ಕರೆ ಬಂತು. ನೀನು ರೊಟ್ಟಿ ಬಡಿಯುತ್ತಲೇ ಅಂದೆ, “ಬ್ಯಾಡವ್ವ. ಒಮ್ಮೆ ಬಿಟ್ಟು ಹೋಗಿದ್ದಕ್ಕ ಏನಾಯ್ತು, ನೋಡೀದಿಲ್ಲ?” ಪ್ರಜ್ಞಾ ತಾಟಿನಿಂದ ತಲೆ ಎತ್ತಿ ನನ್ನ ಮುಖ ನೋಡಿದಳು. ಮತ್ತೆ ರೊಟ್ಟಿ ಮುರಿದಳು. ಅವಳು ಮರೆತಿರಬಹುದು ಎಂದುಕೊಂಡಿದ್ದೆ — ಮರೆತಿಲ್ಲ.

ಆ ಹಾಳೆಗಳನ್ನು ಇದರೊಂದಿಗೆ ಇಟ್ಟಿದ್ದೇನೆ. ನೋಡು, ಒಂದೊಂದು ವಾರದ ಗುರುತುಗಳೂ ಒಂದೇ ಕೈಬೀಸಿನಲ್ಲಿ ಎಳೆದವು. ನೀನು ಬಿಟ್ಟುಹೋದದ್ದರಿಂದ ಏನೂ ಆಗಲಿಲ್ಲ. ಆದದ್ದೆಲ್ಲ ನನ್ನಿಂದ. ಎಕಂಬಾಕ್ಕೆ ಹೋಗು, ಮಗಳನ್ನು ಕರೆದುಕೊಂಡೇ ಹೋಗು. ನನ್ನ ಹತ್ತಿರ ಬಿಡಬೇಡ.

ಇವತ್ತು ಬೆಳಿಗ್ಗೆ ಪ್ರಜ್ಞಾಳನ್ನು ಕರೆದು, ಮಮ್ಮಿಗೆ ಎಲ್ಲ ಹೇಳುತ್ತೇನೆ ಎಂದೆ. ಜಡೆಯ ರಿಬ್ಬನ್ನು ಬಿಗಿಯುತ್ತಿದ್ದ ಅವಳ ಕೈ ಅಲ್ಲೇ ನಿಂತಿತು. ಅವಳು ಕೇಳಿದ್ದು ಒಂದೇ ಮಾತು.

“ಹೇಳಿದ್ರ ಮಮ್ಮಿ ನನ್ನ ಬಿಟ್ಟು ಹೋಗಂಗಿಲ್ಲಲ್ಲ, ಆಯಿ?”